ಜೂನ್‌ನಲ್ಲಿ ಯುದ್ಧ, ಜುಲೈ 1ಕ್ಕೆ ಸಿಲಿಂಡರ್ ಅಗ್ಗ: ಇದು ಹೇಗೆ?

ಮಾಟುಂಗಾದ ಹೋಟೆಲ್ ಲೆಕ್ಕಿಗ (6 ಜುಲೈ 2025)

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಮಾವನವರು ನಡೆಸುವ ಉಡುಪಿ ಹೋಟೆಲಿನ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಅಡುಗೆಮನೆಗೆ ದಿನಕ್ಕೆ 19 ಕಿಲೋದ ಮೂರು ಸಿಲಿಂಡರುಗಳು ಬೇಕು. ಆದ್ದರಿಂದ ತಿಂಗಳ ಮೊದಲ ತಾರೀಕಿನ ದರ ಘೋಷಣೆಯನ್ನು ನಾವು ಹವಾಮಾನ ವರದಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡುತ್ತೇವೆ.

ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ, ನಮಗೆ ಬರುವ ಗ್ಯಾಸ್ ಬಹುಪಾಲು ಅದೇ ಕೊಲ್ಲಿಯಿಂದ ಬರುತ್ತದೆಂದು ತಿಳಿದಿದ್ದ ಮಾವನವರು ತಿಂಡಿಯ ದರಗಳನ್ನು ಏರಿಸಲೇಬೇಕಾಗುತ್ತದೆ ಎಂದು ಹೊಸ ದರಪಟ್ಟಿಯನ್ನು ಮುದ್ರಣಕ್ಕೆ ಕೊಡುವ ಹಂತಕ್ಕೆ ಬಂದಿದ್ದರು. ಜುಲೈ 1ರಂದು ನೋಡಿದರೆ ವಾಣಿಜ್ಯ ಸಿಲಿಂಡರಿನ ಬೆಲೆ 58 ರೂಪಾಯಿಯಷ್ಟು ಇಳಿದಿದೆ. ಆದರೆ 2022ರಲ್ಲಿ, ನಮಗೆ ಗ್ಯಾಸಿನ ಸಂಬಂಧವೇ ಇಲ್ಲದ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ, ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಸಿಲಿಂಡರಿಗೆ 2,300 ರೂಪಾಯಿಯ ಆಸುಪಾಸು ಕೊಟ್ಟ ಬಿಲ್ಲುಗಳು ನನ್ನ ಕಡತದಲ್ಲಿವೆ. ದೂರದ ಯುದ್ಧಕ್ಕೆ ಬೆಲೆ ಏರಿತು, ಬಾಗಿಲಲ್ಲಿ ನಡೆದ ಯುದ್ಧಕ್ಕೆ ಇಳಿಯಿತು. ಇದರ ಹಿಂದಿನ ತರ್ಕವನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಚೆಂಬೂರಿನ ನಿವೃತ್ತ ಎಂಜಿನಿಯರ್ (6 ಜುಲೈ)

ತಮ್ಮಾ, ಪ್ರಶ್ನೆಯನ್ನು ಚೆನ್ನಾಗಿ ಕೇಳಿದ್ದೀಯ. ಮಾಹುಲ್‌ನ ಒಂದು ಸಂಸ್ಕರಣಾಗಾರದಲ್ಲಿ ಮೂವತ್ತು ವರ್ಷ ದುಡಿದ ಅನುಭವದ ಮೇಲೆ ಹೇಳುತ್ತೇನೆ: ಮಾರುಕಟ್ಟೆಗೆ ಯುದ್ಧ ಎಲ್ಲಿ ನಡೆಯಿತು ಎನ್ನುವುದಕ್ಕಿಂತ, ಆ ಯುದ್ಧದಿಂದ ಎಷ್ಟು ಬ್ಯಾರಲ್ ನಿಂತಿತು, ನಿಂತದ್ದನ್ನು ತುಂಬಿಕೊಡಲು ಬೇರೆ ಯಾರ ಬಳಿ ಎಷ್ಟಿದೆ ಎನ್ನುವುದು ಮುಖ್ಯ.

ನಿಮ್ಮ ಹೋಟೆಲಿನ ಹಿಂಭಾಗದಲ್ಲಿ ನಾಲ್ಕು ತುಂಬಿದ ಸಿಲಿಂಡರುಗಳಿದ್ದರೆ, ಗ್ಯಾಸ್ ಗಾಡಿ ಒಂದು ದಿನ ತಡವಾದರೂ ಯಾರೂ ಗಾಬರಿಯಾಗುವುದಿಲ್ಲ. ಉರಿಯುತ್ತಿರುವುದೇ ಕೊನೆಯ ಸಿಲಿಂಡರಾಗಿದ್ದರೆ, ಗಾಡಿ ಬರಲಿಕ್ಕಿಲ್ಲ ಎಂಬ ಗಾಳಿಸುದ್ದಿಗೇ ಪಕ್ಕದ ಹೋಟೆಲಿನವರ ಬಳಿ ಹೆಚ್ಚು ಹಣ ಕೊಟ್ಟು ತರುತ್ತೀರಿ. ತೈಲಲೋಕದ ಆ ನಾಲ್ಕು ಸಿಲಿಂಡರುಗಳಿಗೆ ಮೀಸಲು ಉತ್ಪಾದನಾ ಸಾಮರ್ಥ್ಯ ಎನ್ನುತ್ತಾರೆ, ಮತ್ತು ಅದರ ಬಹುಪಾಲು ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ಕೈಯಲ್ಲಿದೆ.

2022ರ ಫೆಬ್ರುವರಿಯಲ್ಲಿ ಆ ಮೀಸಲು ತೆಳುವಾಗಿತ್ತು. 2020ರಲ್ಲಿ ಕೋವಿಡ್ ಬಂದು ಬೇಡಿಕೆ ಕುಸಿದು, ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ (ಮುಂದೆ ಪಡೆಯುವ ಸರಕಿಗೆ ಮೊದಲೇ ಕುದುರಿಸುವ ಬೆಲೆ) ಸೊನ್ನೆಗಿಂತಲೂ ಕೆಳಗೆ, ಮೈನಸ್ 37 ಡಾಲರಿಗೆ ಇಳಿದಾಗ ಕಂಪನಿಗಳು ಹೊಸ ಬಾವಿಗಳಿಗೆ ಹಣ ಹಾಕುವುದನ್ನೇ ನಿಲ್ಲಿಸಿದ್ದವು. ಎರಡು ವರ್ಷಗಳಲ್ಲಿ ಬೇಡಿಕೆ ಮರಳಿತು, ಬಾವಿಗಳು ಅಷ್ಟು ಬೇಗ ಮರಳಲಿಲ್ಲ. ಆ ಹೊತ್ತಿನಲ್ಲಿ ಜಗತ್ತಿನ ಅತಿದೊಡ್ಡ ರಫ್ತುದಾರರಲ್ಲಿ ಒಬ್ಬರಾದ ರಷ್ಯದ ಸರಕು ನಿಂತುಹೋಗಬಹುದೆಂಬ ಭಯ ಹುಟ್ಟಿ ಜಗತ್ತಿನ ತೈಲ ಬೆಲೆಗೆ ಅಳತೆಗೋಲಾದ ಬ್ರೆಂಟ್ ತೈಲ ಮಾರ್ಚ್‌ನಲ್ಲಿ 139 ಡಾಲರ್ ಮುಟ್ಟಿತು.

ಈ ವರ್ಷದ ಸ್ಥಿತಿ ತದ್ವಿರುದ್ಧ. ಏಪ್ರಿಲ್‌ನಲ್ಲಿ ಅಮೆರಿಕ ಘೋಷಿಸಿದ ಆಮದು ಸುಂಕಗಳಿಂದ ಜಗತ್ತಿನ ವ್ಯಾಪಾರ ಕುಗ್ಗಬಹುದೆಂಬ ಅಂಜಿಕೆಯಲ್ಲಿ ಬ್ರೆಂಟ್ ಆಗಲೇ 60 ಡಾಲರಿನತ್ತ ಇಳಿದಿತ್ತು. ಅದೇ ಹೊತ್ತಿಗೆ ಒಪೆಕ್ ಪ್ಲಸ್ ದೇಶಗಳು (ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಮತ್ತು ರಷ್ಯದಂಥ ಅದರ ಜೊತೆಗಾರರು) ತಡೆಹಿಡಿದಿದ್ದ ಉತ್ಪಾದನೆಯನ್ನು ಮೇ, ಜೂನ್, ಜುಲೈ ತಿಂಗಳುಗಳಲ್ಲಿ ದಿನಕ್ಕೆ 4.11 ಲಕ್ಷ ಬ್ಯಾರಲಿನಂತೆ ಹೆಚ್ಚಿಸುತ್ತ ಬಂದವು. ನಿನ್ನೆ ನಡೆದ ಸಭೆಯಲ್ಲಿ ಆಗಸ್ಟ್‌ಗೆ ಇನ್ನೂ 5.48 ಲಕ್ಷ ಸೇರಿಸಲು ಒಪ್ಪಿದ್ದಾರೆ. ಹೀಗಾಗಿ ಜೂನ್‌ನಲ್ಲಿ ಬ್ರೆಂಟ್ 80 ಡಾಲರ್ ಮುಟ್ಟಿದರೂ, ಕೊಲ್ಲಿಯಿಂದ ಹೊರಬರುವ ಕಿರಿದಾದ ದಾರಿಯಾದ ಹಾರ್ಮುಜ್ ಜಲಸಂಧಿಯಲ್ಲಿ ಹಡಗುಗಳ ಓಡಾಟ ನಿಲ್ಲಲಿಲ್ಲ ಎಂಬುದು ಖಚಿತವಾಗುತ್ತಲೇ, ಕದನವಿರಾಮದ ದಿನವಾದ 24ರ ಹೊತ್ತಿಗೆ 70ಕ್ಕಿಂತ ಕೆಳಗೆ ಬಂತು.

ಇನ್ನು ನಿನ್ನ ಸಿಲಿಂಡರಿನ ವಿಷಯ. ಅದರ ಬೆಲೆ ಬ್ರೆಂಟನ್ನು ನೇರವಾಗಿ ಅನುಸರಿಸುವುದಿಲ್ಲ; ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಮತ್ತು ಬ್ಯುಟೇನ್‌ಗಳಿಗೆ ಸೌದಿ ಅರಾಮ್ಕೋ ಪ್ರತಿ ತಿಂಗಳು ಘೋಷಿಸುವ ಒಪ್ಪಂದ ಬೆಲೆಯನ್ನು ಅನುಸರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಪ್ರೊಪೇನ್ ಟನ್ನಿಗೆ 940 ಡಾಲರ್ ಇತ್ತು, ಈ ಜುಲೈಗೆ 575. ಕೊಲ್ಲಿಯಲ್ಲಿ ಈ ಅನಿಲದ ದೊಡ್ಡ ಭಾಗ ಕಚ್ಚಾ ತೈಲದ ಜೊತೆಯಲ್ಲೇ ಮೇಲೆ ಬರುತ್ತದೆ. ಒಪೆಕ್ ದೇಶಗಳು ತೈಲ ಹೆಚ್ಚು ತೆಗೆದಷ್ಟೂ ಎಲ್‌ಪಿಜಿಯೂ ಹೆಚ್ಚು ಹೊರಬರುತ್ತದೆ. ವಿಯೆನ್ನಾದಲ್ಲಿ ಕಚೇರಿಯಿರುವ ಒಂದು ಕೂಟದ ತೀರ್ಮಾನ ಮಾಟುಂಗಾದ ಒಲೆಗೆ ತಲುಪುವ ದಾರಿ ಇದು.

ಚಾಕಣ್‌ನಲ್ಲಿ ಖರೀದಿ ವಿಭಾಗದವನು, ಪುಣೆ (7 ಜುಲೈ)

ಹಿರಿಯರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಒಪೆಕ್ ಸಭೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ ಎಂದು ಸವಿನಯವಾಗಿ ಹೇಳಬಯಸುತ್ತೇನೆ. ನಾನು ಪ್ಲಾಸ್ಟಿಕ್ ಬಿಡಿಭಾಗಗಳ ಕಾರ್ಖಾನೆಗೆ ಕಚ್ಚಾ ಸಾಮಗ್ರಿ ಕೊಳ್ಳುವವನು. ಪ್ರೊಪೇನ್‌ನಿಂದಲೂ ತಯಾರಾಗುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ದರದ ಸಲುವಾಗಿ ಪ್ರೊಪೇನ್ ಮೇಲೆ ಸದಾ ಕಣ್ಣಿಟ್ಟಿರಬೇಕಾಗುತ್ತದೆ. ಅಮೆರಿಕದ ಪ್ರೊಪೇನನ್ನು ಭಾರೀ ಪ್ರಮಾಣದಲ್ಲಿ ಕೊಳ್ಳುತ್ತಿದ್ದುದು ಚೀನಾದ ಪ್ಲಾಸ್ಟಿಕ್ ಉದ್ಯಮ. ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರ ಸುಂಕಗಳನ್ನು ಶೇಕಡಾ ನೂರರ ಆಚೆಗೆ ಒಯ್ದಾಗ ಆ ಸರಕು ಚೀನಾಕ್ಕೆ ಹೋಗಲಾರದೆ ಬೇರೆ ಏಷ್ಯನ್ ಬಂದರುಗಳನ್ನು ಹುಡುಕಿಕೊಂಡು ಬಂತು, ಕೊಲ್ಲಿಯ ಮಾರಾಟಗಾರರೊಡನೆ ಪೈಪೋಟಿಗೆ ಇಳಿಯಿತು. ಗುಂಡು ಹಾರದ ಆ ಯುದ್ಧವೂ ನಿಮ್ಮ ಸಿಲಿಂಡರಿನ ದರವನ್ನು ಕೆಳಗೆ ಎಳೆದಿದೆ.

ಇನ್ನೊಂದು ವಿಷಯವನ್ನು ನಮ್ಮವರು ಹೆಚ್ಚಾಗಿ ಮರೆಯುತ್ತಾರೆ. ತೈಲವನ್ನು ನಾವು ಡಾಲರಿನಲ್ಲಿ ಕೊಳ್ಳುತ್ತೇವೆ. 2008ರ ಜುಲೈನಲ್ಲಿ ತೈಲ 147 ಡಾಲರಿಗೆ ಏರಿದಾಗ ಡಾಲರಿಗೆ ಸುಮಾರು 43 ರೂಪಾಯಿ ಇತ್ತು. ಎಂದರೆ ಬ್ಯಾರಲಿಗೆ 6,300 ರೂಪಾಯಿ. ಈಗ 70 ಡಾಲರ್ ಎಂದು ಹಿಡಿದರೂ ಡಾಲರಿಗೆ 86 ರೂಪಾಯಿಯಂತೆ 6,000 ರೂಪಾಯಿ ಆಗುತ್ತದೆ. ಅಂದು ಜಗತ್ತೇ ಹೌಹಾರಿದ ಬೆಲೆಯ ಸಮೀಪದಲ್ಲೇ ನಾವು ಇಂದು ಸುಮ್ಮನೆ ಕುಳಿತಿದ್ದೇವೆ. ಈ ಲೆಕ್ಕವನ್ನು ನಾನು ಮೊದಲ ಸಲ ಮಾಡಿದ ದಿನ ಕಾಗದವನ್ನು ಎರಡು ಬಾರಿ ಪರೀಕ್ಷಿಸಿದ್ದೆ.

ಹಾಗಾದರೆ ಸಿಲಿಂಡರಿನ ದರ ಇಳಿದರೂ ಪೆಟ್ರೋಲ್ ಏಕೆ ಇಳಿಯಲಿಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ವಾಣಿಜ್ಯ ಸಿಲಿಂಡರಿನ ಮೇಲಿರುವುದು ಶೇಕಡಾ 18ರ ಜಿಎಸ್‌ಟಿ. ಮೂಲ ಬೆಲೆ ಇಳಿದರೆ ತೆರಿಗೆಯೂ ಇಳಿಯುತ್ತದೆ. ಪೆಟ್ರೋಲ್ ಮೇಲಿನ ಕೇಂದ್ರ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾದದ್ದು, ಮತ್ತು ತೈಲ ಅಗ್ಗವಾದಾಗಲೆಲ್ಲ ಅದನ್ನು ಏರಿಸುವುದು ರೂಢಿಯಾಗಿದೆ. 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಒಂಬತ್ತು ಬಾರಿ ಏರಿಸಿದರು. 2020ರ ಮೇ ತಿಂಗಳಲ್ಲಿ ಒಂದೇ ರಾತ್ರಿಯಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ. ಈ ಏಪ್ರಿಲ್‌ನಲ್ಲಿ ಮತ್ತೆ ಎರಡು ರೂಪಾಯಿ. ಬೊಕ್ಕಸಕ್ಕೆ ಹಣ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಏರಿದಾಗ ಜಗತ್ತಿನತ್ತ ಬೆರಳು ತೋರಿಸಿ, ಇಳಿದಾಗ ಆ ಲಾಭವನ್ನು ಒಳಗೆ ಎಳೆದುಕೊಳ್ಳುವುದು ಗ್ರಾಹಕನಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ವಾಸ್ಕೋದಿಂದ, ಗೋವಾ (7 ಜುಲೈ)

ನಮ್ಮೂರು ಗದಗ, ಇಪ್ಪತ್ತು ವರ್ಷದಿಂದ ವಾಸ್ಕೋದಲ್ಲಿದ್ದೇನೆ. ಕೆಲಸ ರಸಗೊಬ್ಬರ ಸಾಗಣೆಯದು. ತಾವಿಬ್ಬರೂ ತೈಲದ ಬಗ್ಗೆ ಬರೆದಿದ್ದೀರಿ. ನೈಸರ್ಗಿಕ ಅನಿಲದ ಕಥೆ ಬೇರೆಯೇ ಇದೆ, ಮತ್ತು ನನಗೆ ಹೆಚ್ಚು ಚಿಂತೆ ಅದರದ್ದೇ.

ಹಾರ್ಮುಜ್ ಮುಚ್ಚಿದರೆ ತೈಲಕ್ಕೆ ಭಾಗಶಃ ಆದರೂ ಬೇರೆ ದಾರಿಗಳಿವೆ. ಸೌದಿಯವರಿಗೆ ಕೆಂಪು ಸಮುದ್ರದ ಯಾನ್ಬು ಬಂದರಿಗೆ ಹೋಗುವ ಕೊಳವೆಮಾರ್ಗವಿದೆ, ಅಬುಧಾಬಿಯವರಿಗೆ ಫುಜೈರಾಕ್ಕೆ ಹೋಗುವುದಿದೆ. ಕತಾರಿನ ಎಲ್‌ಎನ್‌ಜಿಗೆ (ತಣಿಸಿ ದ್ರವವಾಗಿಸಿ ಹಡಗಿನಲ್ಲಿ ಸಾಗಿಸುವ ನೈಸರ್ಗಿಕ ಅನಿಲ) ಅಂಥ ಯಾವ ಅಡ್ಡದಾರಿಯೂ ಇಲ್ಲ. ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಸುಮಾರು ಐದನೆಯ ಒಂದು ಭಾಗ ಆ ಕಿರಿದಾದ ನೀರಿನಲ್ಲೇ ಹಾದು ಬರಬೇಕು. ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ಕೊಳ್ಳುವ ಒಪ್ಪಂದವನ್ನು ನಮ್ಮ ದೇಶ 2024ರ ಫೆಬ್ರುವರಿಯಲ್ಲಿ 2048ರವರೆಗೆ ಮುಂದುವರಿಸಿದೆ. ದೀರ್ಘಾವಧಿಯ ಒಪ್ಪಂದದಲ್ಲಿ ಬೆಲೆಯನ್ನು ಬ್ರೆಂಟಿಗೆ ಕಟ್ಟಿರುವುದರಿಂದ ಏರಿಳಿತ ಸಹನೀಯವಾಗಿರುತ್ತದೆ. ತಕ್ಷಣದ ಮಾರುಕಟ್ಟೆಗೆ ಹೋದವರ ಪಾಡು 2022ರಲ್ಲಿ ಗೊತ್ತಾಯಿತು. ರಷ್ಯದ ಕೊಳವೆ ಅನಿಲ ನಿಲ್ಲುತ್ತಿದ್ದಂತೆ ಯುರೋಪಿನ ಶ್ರೀಮಂತ ದೇಶಗಳು ಸಿಕ್ಕ ಹಡಗನ್ನೆಲ್ಲ ಎತ್ತಿಕೊಂಡವು, ಆಗಸ್ಟ್‌ನಲ್ಲಿ ಅಲ್ಲಿಯ ಸಗಟು ದರ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತು. ಜುಲೈನಲ್ಲಿ ಪಾಕಿಸ್ತಾನ ಕರೆದ ಟೆಂಡರಿಗೆ ಒಬ್ಬ ಮಾರಾಟಗಾರನೂ ಬರಲಿಲ್ಲ. ರಷ್ಯದ ಗಾಜ್‌ಪ್ರೋಮ್‌ನ ಅಂಗಸಂಸ್ಥೆಯೊಡನೆ ನಮ್ಮ ಸರಕಾರಿ ಅನಿಲ ಕಂಪನಿ ಗೇಲ್ ಮಾಡಿಕೊಂಡಿದ್ದ ಒಪ್ಪಂದದ ಸರಕೂ, ಆ ಅಂಗಸಂಸ್ಥೆ ಜರ್ಮನಿಯ ವಶಕ್ಕೆ ಹೋದ ಮೇಲೆ ನಿಂತುಹೋಯಿತು.

ಇದು ಹೊಲಕ್ಕೆ ಹೇಗೆ ಮುಟ್ಟುತ್ತದೆ ಎಂದರೆ, ಯೂರಿಯಾ ತಯಾರಿಕೆಗೆ ಅನಿಲವೇ ಮುಖ್ಯ ಕಚ್ಚಾವಸ್ತು. ಅನಿಲ ಎಷ್ಟೇ ದುಬಾರಿಯಾದರೂ ಗದಗಿನ ರೈತ 45 ಕಿಲೋ ಚೀಲಕ್ಕೆ ಕೊಡುವ ಬೆಲೆ ಬದಲಾಗುವುದಿಲ್ಲ, ವ್ಯತ್ಯಾಸವನ್ನು ಸರಕಾರ ಭರಿಸುತ್ತದೆ. 2022-23ರಲ್ಲಿ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿಗೆ ಏರಿದ್ದಕ್ಕೆ ಇದು ದೊಡ್ಡ ಕಾರಣ. ಪುಣೆಯ ಸಹೋದರರು ಅನ್ಯಾಯ ಎಂದ ಆ ಪೆಟ್ರೋಲ್ ತೆರಿಗೆಯ ಒಂದು ಪಾಲು ಈ ಕಡೆಗೂ ಹರಿದುಬರುತ್ತದೆ ಎಂಬುದನ್ನು ರೈತನ ಮಗನಾಗಿ ನಾನು ಗಮನಕ್ಕೆ ತರಬೇಕು.

ಮಾಟುಂಗಾದ ಹೋಟೆಲ್ ಲೆಕ್ಕಿಗ (8 ಜುಲೈ)

ಮೂವರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ನಮ್ಮ ಉಡುಪಿಯ ಪಾದೂರಿನಲ್ಲಿ ಮತ್ತು ಮಂಗಳೂರಿನಲ್ಲಿ ನೆಲದಡಿಯ ದೊಡ್ಡ ತೈಲ ಸಂಗ್ರಹಗಳಿವೆಯಲ್ಲ, ಕೊಲ್ಲಿಯ ದಾರಿ ನಿಂತರೆ ಅವು ನಮ್ಮ ಒಲೆಯನ್ನು ಕಾಯುತ್ತವೆಯೇ? ಇನ್ನು, ಪೈಪ್ ಗ್ಯಾಸಿಗೆ ಬದಲಾದರೆ ಈ ತಲೆಬಿಸಿ ತಪ್ಪುತ್ತದೆಯೇ?

ಚೆಂಬೂರಿನ ನಿವೃತ್ತ ಎಂಜಿನಿಯರ್ (8 ಜುಲೈ)

ಪಾದೂರಿನಲ್ಲಿ 25 ಲಕ್ಷ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುವ ಬಂಡೆಗುಹೆಗಳಿವೆ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನ ಸಾಕಾಗುತ್ತದೆ. 2020ರಲ್ಲಿ ಬೆಲೆ ನೆಲಕಚ್ಚಿದಾಗ ಬ್ಯಾರಲಿಗೆ 19 ಡಾಲರಿನಂತೆ ಕೊಂಡು ಅವನ್ನು ತುಂಬಿದ್ದು ನಾನು ಕಂಡ ಅತ್ಯುತ್ತಮ ಸರಕಾರಿ ಖರೀದಿಗಳಲ್ಲಿ ಒಂದು. ಆದರೆ ಅವುಗಳಲ್ಲಿರುವುದು ಕಚ್ಚಾ ತೈಲ, ಎಲ್‌ಪಿಜಿ ಅಲ್ಲ. ದೇಶದ ಎಲ್‌ಪಿಜಿ ಬಳಕೆ ವರ್ಷಕ್ಕೆ ಸುಮಾರು 3.1 ಕೋಟಿ ಟನ್, ಎಂದರೆ ದಿನಕ್ಕೆ 85,000 ಟನ್. ವಿಶಾಖಪಟ್ಟಣದ ಎಲ್‌ಪಿಜಿ ಗುಹೆಯ ಸಾಮರ್ಥ್ಯ 60,000 ಟನ್. ಆಮದು ಬಂದರುಗಳ ಮತ್ತು ಬಾಟ್ಲಿಂಗ್ ಘಟಕಗಳ ಟ್ಯಾಂಕುಗಳು ಬೇರೆ ಇವೆ, ಒಪ್ಪುತ್ತೇನೆ. ಆದರೂ ನಮ್ಮ ಬಳಕೆಯ ಸುಮಾರು ಶೇಕಡಾ 60 ಆಮದಾಗಿರುವಾಗ, ಅದರಲ್ಲಿ ಬಹುಪಾಲು ಹಾರ್ಮುಜ್ ದಾಟಿಯೇ ಬರುವಾಗ, ತೈಲಕ್ಕಿಂತ ಅಡುಗೆ ಅನಿಲದಲ್ಲೇ ನಾವು ಹೆಚ್ಚು ಬರಿಗೈಯಲ್ಲಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಜೂನ್‌ನಲ್ಲಿ ಬೆಲೆ ಇಳಿಯಿತೆಂದು ನಿನ್ನ ಮಾವನವರ ಭಯ ಸುಳ್ಳಾಗಿತ್ತೆಂದು ತಿಳಿಯಬೇಡ; ಅವರು ಅಪಾಯವನ್ನು ಸರಿಯಾಗಿಯೇ ಗುರುತಿಸಿದ್ದರು, ಈ ಬಾರಿ ಅದು ಘಟಿಸಲಿಲ್ಲ.

ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ. ಅದನ್ನು ತೆಗೆದುಕೊಂಡರೆ ಸಿಲಿಂಡರ್ ಹೊರುವ, ಇಡುವ, ಕಾಯುವ ಕಷ್ಟ ತಪ್ಪುತ್ತದೆ. ಬೆಲೆಯ ಚಿಂತೆ ತಪ್ಪುವುದಿಲ್ಲ, ಏಕೆಂದರೆ ಸರಕಾರ ದರ ನಿಗದಿಪಡಿಸುವ ಅಗ್ಗದ ದೇಶೀಯ ಅನಿಲದಲ್ಲಿ ಮೊದಲ ಆದ್ಯತೆ ಮನೆಗಳಿಗೆ ಮತ್ತು ವಾಹನಗಳ ಸಿಎನ್‌ಜಿಗೆ; ಹೋಟೆಲುಗಳಿಗೆ ಬರುವುದರಲ್ಲಿ ವಾಸ್ಕೋದವರು ವರ್ಣಿಸಿದ ಆ ಆಮದು ಎಲ್‌ಎನ್‌ಜಿಯ ಪಾಲು ದೊಡ್ಡದಾಗಿರುತ್ತದೆ. ನಾನಾಗಿದ್ದರೆ ಪೈಪ್ ಸಂಪರ್ಕ ಪಡೆದು, ಒಂದೆರಡು ಒಲೆಗಳನ್ನು ಸಿಲಿಂಡರಿನ ಮೇಲೆಯೇ ಉಳಿಸಿಕೊಳ್ಳುತ್ತಿದ್ದೆ.

ಮಾಟುಂಗಾದ ಹೋಟೆಲ್ ಲೆಕ್ಕಿಗ (9 ಜುಲೈ)

ನಿನ್ನೆ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಇಷ್ಟನ್ನೂ ಮಾವನವರಿಗೆ ಓದಿ ಹೇಳಿದೆ. ರೂಪಾಯಿ ಲೆಕ್ಕ ಬಂದಲ್ಲಿ ಅವರು ನನ್ನನ್ನು ನಿಲ್ಲಿಸಿ, 2008ರ ಹಳೆಯ ಪುಸ್ತಕ ತೆಗೆಸಿ ತಾವೇ ಗುಣಿಸಿ ನೋಡಿದರು. ದರಪಟ್ಟಿಯ ಮುದ್ರಣವನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ; ಪೈಪ್ ಸಂಪರ್ಕಕ್ಕೆ ಸೋಮವಾರ ಅರ್ಜಿ ಹಾಕುತ್ತೇವೆ, ದೋಸೆಕಲ್ಲಿನ ಒಲೆ ಮಾತ್ರ ಸಿಲಿಂಡರಿನ ಮೇಲೆಯೇ ಇರುತ್ತದೆ.