500 ಗಂಟೆಗಳ ತರಬೇತಿಗೆ ಹೋಗದೆ ಸಹಿ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ (ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ವಿದ್ಯಾರ್ಥಿ): ಮೇಡಂ, ನಮಸ್ಕಾರ. ಎರಡನೆಯ ವರ್ಷದ ಪರೀಕ್ಷೆ ಪಾಸಾಗಿದ್ದೇನೆ. ಇನ್ನು ಉಳಿದಿರುವುದು 500 ಗಂಟೆಗಳ ಪ್ರಾಯೋಗಿಕ ತರಬೇತಿ. ಮನೆಯ ಪರಿಸ್ಥಿತಿಯಿಂದಾಗಿ ಹಗಲು ಬೇರೆ ಕೆಲಸಕ್ಕೆ ಹೋಗುತ್ತಿದ್ದೇನೆ. ಪರಿಚಯದ ಮೆಡಿಕಲ್ ಸ್ಟೋರ್ ಮಾಲೀಕರು, ‘ನೀನು ಬರುವುದೇ ಬೇಡ, ಫಾರಂ ತಂದುಕೊಡು, ಸಹಿ, ಸೀಲು ಹಾಕಿಕೊಡುತ್ತೇನೆ’ ಎನ್ನುತ್ತಿದ್ದಾರೆ. ಎಷ್ಟೋ ಜನ ಹೀಗೇ ಮಾಡುತ್ತಾರಂತೆ. ಮುಂದೆ ತೊಂದರೆಯಾದೀತೇ?

ಉತ್ತರ (ಆಸ್ಪತ್ರೆ ಫಾರ್ಮಸಿಸ್ಟ್): ನಮಸ್ಕಾರ. ದಯವಿಟ್ಟು ಹಾಗೆ ಮಾಡಬೇಡಿ. ತರಬೇತಿಯ ಪ್ರಮಾಣಪತ್ರ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನಿಮ್ಮ ಹೆಸರು ನೋಂದಣಿಯಾಗುವುದಕ್ಕೆ ಆಧಾರವಾಗುವ ದಾಖಲೆ. ಸುಳ್ಳು ಹೇಳಿ ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಹೆಸರು ಸೇರಿಸಿಕೊಂಡದ್ದು ಕಂಡುಬಂದರೆ, ವಿಚಾರಣೆಗೆ ಅವಕಾಶ ಕೊಟ್ಟು ಆ ಹೆಸರನ್ನು ತೆಗೆದುಹಾಕಲು 1948ರ ಫಾರ್ಮಸಿ ಕಾಯ್ದೆಯ 36ನೇ ಕಲಂನಲ್ಲಿ ಅವಕಾಶವಿದೆ. ಅಂದರೆ ಈ ಸಹಿ ನೀವು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೂ ನಿಮ್ಮ ಹಿಂದೆಯೇ ಇರುತ್ತದೆ. ‘ಎಲ್ಲರೂ ಮಾಡುತ್ತಾರೆ’ ಎಂದವರು ಯಾರೂ ಆ ವಿಚಾರಣೆಗೆ ಬರುವುದಿಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ. ಆ 500 ಗಂಟೆಗಳಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲಾಗಿರಬೇಕು ಎಂದು ನಿಯಮ ಹೇಳುವುದು ಸುಮ್ಮನೆ ಅಲ್ಲ. ಸಂಧಿವಾತದ ರೋಗಿಗೆ ಮೆಥೊಟ್ರೆಕ್ಸೇಟ್ ಬರೆದಿದ್ದಾರೆ ಎಂದುಕೊಳ್ಳಿ. ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೊಮ್ಮೆ. ದಿನವೂ ನುಂಗಿದರೆ ಅಸ್ಥಿಮಜ್ಜೆ ಕೆಟ್ಟು ರಕ್ತಕಣಗಳು ಕುಸಿಯುತ್ತವೆ, ಪ್ರಾಣವೇ ಹೋದ ಪ್ರಕರಣಗಳೂ ಇವೆ. ಇದು ಪುಸ್ತಕದಲ್ಲಿಯೂ ಇದೆ, ಪರೀಕ್ಷೆಯಲ್ಲಿ ನೀವು ಬರೆದೂ ಇರಬಹುದು. ಆದರೆ ಸಂಜೆ ಏಳು ಗಂಟೆಗೆ ಕೌಂಟರಿನ ಮುಂದೆ ಹತ್ತು ಜನ ‘ಬೇಗ ಕೊಡಿ’ ಎನ್ನುತ್ತಿರುವಾಗ ಚೀಟಿಯ ಮೇಲೆ ಕೈ ತಡೆಯಬೇಕಲ್ಲ, ‘ಅಮ್ಮಾ, ಇದು ವಾರಕ್ಕೊಮ್ಮೆ ಮಾತ್ರ, ಯಾವ ದಿನ ತೊಗೋತೀರಿ ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಿ, ಆ ದಿನದ ಹೆಸರನ್ನು ಕವರಿನ ಮೇಲೆ ಬರೆದುಕೊಡಬೇಕಲ್ಲ, ಆ ಅಭ್ಯಾಸ ಅನುಭವಿ ಫಾರ್ಮಸಿಸ್ಟರ ಪಕ್ಕ ನಿಂತು ದಿನಗಟ್ಟಲೆ ಮಾಡಿದರೆ ಮಾತ್ರ ಬರುತ್ತದೆ. ಷೆಡ್ಯೂಲ್ ಎಚ್1 ರಿಜಿಸ್ಟರ್ (ಕೆಲವು ಆ್ಯಂಟಿಬಯಾಟಿಕ್, ಕ್ಷಯರೋಗದ ಔಷಧ ಮುಂತಾದವುಗಳ ಮಾರಾಟವನ್ನು ದಾಖಲಿಸುವ ಪುಸ್ತಕ) ಬರೆಯುವುದೂ ಅಲ್ಲಿಯೇ ಕೈಗೆ ಹತ್ತುತ್ತದೆ.

ನಿಮ್ಮ ಕಷ್ಟ ನಿಜ, ಅದಕ್ಕೆ ದಾರಿಯೂ ಇದೆ. ತರಬೇತಿಯ ಅವಧಿ ಮೂರು ತಿಂಗಳಿಗೆ ಕಡಿಮೆ ಇರಬಾರದು ಎಂಬುದಷ್ಟೇ ನಿಯಮ, ಹೆಚ್ಚಾಗಬಾರದು ಎಂದಿಲ್ಲ. ಸಂಜೆ ನಾಲ್ಕು ಗಂಟೆಯಂತೆ ನಿಂತರೆ 125 ದಿನಗಳಲ್ಲಿ ಮುಗಿಯುತ್ತದೆ. ಮೊದಲು ಕಾಲೇಜಿನ ಪ್ರಾಂಶುಪಾಲರಿಗೆ ಹೇಳಿ ಒಪ್ಪಿಗೆ ಪಡೆಯಿರಿ; ಮಾಲೀಕರನ್ನೂ ಸಹಿಯ ಬದಲು ಸಂಜೆಯ ಜಾಗ ಕೇಳಿ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನನ್ನ ನೋಂದಣಿ ಆಗಿದೆ. ಸರ್ಟಿಫಿಕೇಟನ್ನು ಅಂಗಡಿಯಲ್ಲಿ ತೂಗುಹಾಕಲು ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಹಣ ಕೊಡುತ್ತಾರಂತೆ. ಇದೂ ಅದೇ ಬಗೆಯದೇ?

ಉತ್ತರ: ಅದರ ಮುಂದಿನ ಮೆಟ್ಟಿಲು. ಬಾರದೆ ಸಹಿ ಪಡೆದವರಿಗೆ ಬಾರದೆ ಸಂಬಳ ಪಡೆಯುವುದು ಕಷ್ಟವೆನಿಸುವುದಿಲ್ಲ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾವೇ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಹಾಜರಿರದೆ ಪ್ರಮಾಣಪತ್ರ ಕೊಡುವುದನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ದುರ್ನಡತೆ ಎಂದೇ ಎಣಿಸುತ್ತದೆ. ಅಲ್ಲಿ ತಪ್ಪು ಔಷಧ ಹೋದರೆ ಗೋಡೆಯ ಮೇಲಿರುವ ಹೆಸರು ನಿಮ್ಮದೇ. ಈಗಾಗಲೇ ಕೊಟ್ಟಿದ್ದರೆ ಲಿಖಿತವಾಗಿ ಕೆಲಸ ಬಿಟ್ಟ ಪತ್ರ ಕೊಟ್ಟು, ಪ್ರಮಾಣಪತ್ರ ವಾಪಸು ಪಡೆದು, ಆ ಪತ್ರದ ಪ್ರತಿಯನ್ನು ಸಹಾಯಕ ಔಷಧ ನಿಯಂತ್ರಕರ ಕಚೇರಿಗೂ ತಲುಪಿಸಿ, ಸ್ವೀಕೃತಿ ಇಟ್ಟುಕೊಳ್ಳಿ.