ನಿಶ್ಚಿತಾರ್ಥವಾಗಿದೆ, ಧಾರೆ ಆಗಿಲ್ಲ: ಕೆ-1 ವೀಸಾವೋ, ಮದುವೆಯ ನಂತರದ ಸಿಆರ್-1 ವೀಸಾವೋ?

ಪ್ರಶ್ನೆ (ಓಹಾಯೋದಿಂದ)

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು. ತಂದೆಯವರ ಕೆಲಸದ ನಿಮಿತ್ತ ಹೈಸ್ಕೂಲಿನಲ್ಲಿದ್ದಾಗಲೇ ಅಮೆರಿಕಕ್ಕೆ ಬಂದು, ಈಗ ಇಲ್ಲಿನ ಪೌರನಾಗಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ನಿಶ್ಚಿತಾರ್ಥವಾಯಿತು. ಊರಿನಲ್ಲೇ ಧಾರೆ ಎರೆದುಕೊಡಬೇಕೆಂಬುದು ಹುಡುಗಿಯ ತಂದೆಯವರ ಆಸೆ. ಆದರೆ ಮದುವೆಗೆ ಮುನ್ನವೇ ಸಿಗುವ ಕೆ-1 ವೀಸಾಕ್ಕೆ ಅರ್ಜಿ ಹಾಕಿದರೆ ಬೇಗ ಕರೆಸಿಕೊಳ್ಳಬಹುದೆಂದು ಸ್ನೇಹಿತರು ಹೇಳುತ್ತಿದ್ದಾರೆ. ಊರಿನಲ್ಲಿ ಶಾಸ್ತ್ರೋಕ್ತವಾಗಿ ಮದುವೆ ಮುಗಿಸಿ, ನೋಂದಣಿ ಮಾತ್ರ ಮಾಡಿಸದೆ, ಕೆ-1ರಲ್ಲಿ ಕರೆತಂದು ಇಲ್ಲಿ ಕಾನೂನಿನ ಪ್ರಕಾರ ಮತ್ತೊಮ್ಮೆ ಮದುವೆಯಾಗಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನ್ಯೂಜೆರ್ಸಿಯಿಂದ)

ಖಂಡಿತ ಹಾಗೆ ಮಾಡಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆ ಇಟ್ಟೊಡನೆ ಮದುವೆ ಪೂರ್ಣಗೊಳ್ಳುತ್ತದೆ. ನೋಂದಣಿ ಅದಕ್ಕೆ ಪುರಾವೆಯಷ್ಟೇ. ಕೆ-1 ಇರುವುದು ಇನ್ನೂ ಮದುವೆಯಾಗದವರಿಗೆ. ಧಾರೆಯಾದ ಮೇಲೆ ವೀಸಾ ಸಂದರ್ಶನದಲ್ಲಿ ‘ಮದುವೆಯಾಗಿಲ್ಲ’ ಎಂದರೆ ಅದು ಸುಳ್ಳು ಹೇಳಿಕೆ. ಅಂಥ ಹೇಳಿಕೆಯ ಮೇಲೆ ವೀಸಾ ನಿರಾಕರಿಸಿದರೆ, ಆ ಕಳಂಕ ಮುಂದಿನ ಪ್ರತಿಯೊಂದು ಅರ್ಜಿಯನ್ನೂ ಕಾಡುತ್ತದೆ. ನಿಶ್ಚಿತಾರ್ಥದ ಫೋಟೋಗಳಿಂದ ತೊಂದರೆಯಿಲ್ಲ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಮುಖತಃ ಭೇಟಿಯಾಗಿರಬೇಕೆಂಬ ನಿಯಮಕ್ಕೆ ಅವು ಸಾಕ್ಷಿಯೂ ಆಗುತ್ತವೆ. ಪ್ರವಾಸಿ ವೀಸಾದಲ್ಲಿ ಕರೆಸಿ, ಇಲ್ಲಿ ಮದುವೆಯಾಗಿ ಉಳಿಸಿಕೊಳ್ಳುವ ಸಲಹೆಯನ್ನೂ ಯಾರಾದರೂ ಕೊಟ್ಟಾರು. ಆ ಉದ್ದೇಶವಿಟ್ಟುಕೊಂಡು ಬರುವುದೂ ಇಷ್ಟೇ ಅಪಾಯದ್ದು.

ಉತ್ತರ (ಟೆಕ್ಸಾಸಿನಿಂದ)

ನಾನು ಹಾಸನದವಳು, ಕೆ-1ರಲ್ಲೇ ಬಂದವಳು. ಆದ್ದರಿಂದ ಹುಡುಗಿಯ ಕಡೆಯಿಂದ ಈ ಮಾತು ಹೇಳುತ್ತಿದ್ದೇನೆ. ಇಲ್ಲಿಗೆ ಬಂದ 90 ದಿನಗಳೊಳಗೆ ಮದುವೆಯಾಗಬೇಕು; ಅದು ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ, ಗ್ರೀನ್ ಕಾರ್ಡಿಗಾಗಿ ಐ-485 ಅರ್ಜಿ ಹಾಕಿ ಕಾಯುವಾಗ. ಕೆಲಸದ ಪರವಾನಗಿ ಬರುವವರೆಗೆ ದುಡಿಯುವಂತಿಲ್ಲ, ಪ್ರಯಾಣದ ಅನುಮತಿ ಬರುವ ಮುನ್ನ ದೇಶ ಬಿಟ್ಟರೆ ಆ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ. ನನ್ನ ತಂದೆ ತೀರಿಕೊಂಡದ್ದು ಆ ಅವಧಿಯಲ್ಲಿ. ಅಣ್ಣ ಮಡಕೆ ಹೊತ್ತು ಸುತ್ತು ಬರುವುದನ್ನು ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ; ಎರಡನೆಯ ಸುತ್ತಿಗೆ ಚಿತ್ರ ನಿಂತುಹೋಯಿತು. ತುರ್ತು ಪ್ರಯಾಣದ ಅನುಮತಿ ಕೇಳಬಹುದೆಂಬುದು ನಮಗೆ ಆಗ ಗೊತ್ತಿರಲಿಲ್ಲ.

ಸಿಆರ್-1ರಲ್ಲಿ ಬರುವ ಹೆಂಡತಿ ವಿಮಾನ ನಿಲ್ದಾಣದಲ್ಲಿ ಪ್ರವೇಶ ಪಡೆದ ಕ್ಷಣದಿಂದಲೇ ಖಾಯಂ ನಿವಾಸಿ. ಕೆಲಸಕ್ಕೂ ಹೋಗಬಹುದು, ಊರಿಗೂ ಹೋಗಿಬರಬಹುದು. ಖರ್ಚೂ ಕಡಿಮೆ. 2024ರ ಏಪ್ರಿಲ್ 1ರ ದರಪಟ್ಟಿಯ ಪ್ರಕಾರ ಕೆ-1 ದಾರಿಗೆ ಅರ್ಜಿ 675, ವೀಸಾ 265, ಐ-485ಕ್ಕೆ 1,440, ಒಟ್ಟು 2,380 ಡಾಲರ್. ಕೆಲಸ ಮತ್ತು ಪ್ರಯಾಣದ ಅನುಮತಿಗಳ ಶುಲ್ಕ ಬೇರೆ. ಸಿಆರ್-1ಕ್ಕೆ, ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಆನ್‌ಲೈನಿನಲ್ಲಿ ಹಾಕುವ ಐ-130 ಅರ್ಜಿ 625, ವೀಸಾ 325, ಆರ್ಥಿಕ ಬೆಂಬಲದ ಪತ್ರದ ಪರಿಶೀಲನೆ 120, ಗ್ರೀನ್ ಕಾರ್ಡಿಗೆ 235, ಒಟ್ಟು 1,305. ಅರ್ಜಿ ಹಾಕುವ ಮುನ್ನ ಈಗಿನ ದರ ನೋಡಿಕೊಳ್ಳಿ. ಬಂದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅವಧಿ ಮುಗಿಯುವ ಹಿಂದಿನ 90 ದಿನಗಳಲ್ಲಿ ಆ ಷರತ್ತು ತೆಗೆಸುವ ಐ-751 ಅರ್ಜಿ ಹಾಕುವುದನ್ನು ಮರೆಯಬಾರದು. ಬೇಗ ಜೊತೆಯಾಗಬೇಕೆಂಬ ಆತುರ ನನಗೂ ಇತ್ತು. ಆದರೆ ಕಾಯುವ ದಿನಗಳು ಹೇಗೂ ಇರುತ್ತವೆ. ಕೆಲಸದಲ್ಲಿರುವ ಹುಡುಗಿ ಅವನ್ನು ಪರದೇಶದ ನಾಲ್ಕು ಗೋಡೆಗಳೊಳಗೆ ಕಳೆಯುವುದಕ್ಕಿಂತ ತವರಿನಲ್ಲಿ ತನ್ನ ಸಂಬಳ ಎಣಿಸಿಕೊಂಡು ಕಳೆಯುವುದು ಎಷ್ಟೋ ಮೇಲು.

ಉತ್ತರ (ಬೆಂಗಳೂರಿನಿಂದ)

ಮೇಲಿನ ಸಹೋದರಿಯ ಮಾತನ್ನು ಅನುಮೋದಿಸುತ್ತೇನೆ. ದೊಡ್ಡ ಛತ್ರ ಸಿಗುವವರೆಗೆ ಅರ್ಜಿಯನ್ನು ತಡೆಹಿಡಿಯಬೇಕಾಗಿಲ್ಲ. ದೇವಸ್ಥಾನದಲ್ಲಿ ಸರಳವಾಗಿ ಧಾರೆ ಮುಗಿಸಿ, ನೋಂದಣಿ ಮಾಡಿಸಿ, ಐ-130 ಹಾಕಿ, ಆರತಕ್ಷತೆಯನ್ನು ಆಮೇಲೆ ಇಟ್ಟುಕೊಳ್ಳಬಹುದು. ತಾವು ವಿದೇಶಿ ಪೌರರಾದ್ದರಿಂದ ಯಾವ ಕಾಯ್ದೆಯಡಿ ನೋಂದಾಯಿಸುತ್ತಾರೆಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ನೋಟಿಸಿನ ನಂತರ 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗಬೇಕು. ರಜೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಇನ್ನೊಂದು ವಿಷಯ, ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಮುಂಬೈಯಲ್ಲಿ ಸಂದರ್ಶನಕ್ಕೆ ಕರೆ ಬಂದಾಗ ಓಡಾಡುವ ಬದಲು ಇವನ್ನೆಲ್ಲ ಈಗಲೇ ಸರಿಪಡಿಸಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹಾಸನದ ಸಹೋದರಿಯ ಮಾತುಗಳನ್ನು ನನ್ನ ಹುಡುಗಿಗೆ ಓದಿ ಹೇಳಿದೆ. ಕೆ-1ರ ಯೋಚನೆ ಬಿಟ್ಟಿದ್ದೇವೆ. ದೇವಸ್ಥಾನದ ಧಾರೆಗೆ ಅವಳ ತಂದೆ ಒಪ್ಪಿದ್ದಾರೆ. ಅವಳ ಜನನ ಪ್ರಮಾಣಪತ್ರ ತೆಗೆದು ನೋಡಿದರೆ, ಹೆಸರಿನ ಜಾಗ ಖಾಲಿಯೇ ಇದೆ. ಸೋಮವಾರ ಅವಳೇ ಕಚೇರಿಗೆ ಹೋಗುತ್ತಿದ್ದಾಳೆ.