ಅಪ್‌ಡೇಟ್: ಶ್ರೀಗಂಧದ ಬೀಜ ಕೊನೆಗೂ ಮೊಳೆಯಿತು

ಹೊಳಲ್ಕೆರೆ ಕಡೆಯ ನಮ್ಮ ಹೊಲದಲ್ಲಿ ಶ್ರೀಗಂಧದ ಬೀಜ ಮೊಳೆಯುತ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಮಡಿಯಲ್ಲಿ ಸಸಿಗಳು ಚಿಪ್ಪನ್ನು ತಲೆ ಮೇಲೆ ಹೊತ್ತುಕೊಂಡೇ ಏಳುತ್ತಿವೆ!

ಕೈ ಹಿಡಿದದ್ದು ನೀವು ಕೊಟ್ಟ ಸಲಹೆಗಳಲ್ಲಿ ಜಿಬ್ಬರೆಲಿಕ್ ಆಮ್ಲದ್ದು (ಬೀಜವನ್ನು ಮೊಳಕೆಗೆ ಎಬ್ಬಿಸುವ ಸಸ್ಯ ಹಾರ್ಮೋನು, ಪುಡಿ ರೂಪದಲ್ಲಿ ಸಿಗುತ್ತದೆ). ಲೀಟರ್ ನೀರಿಗೆ ಅರ್ಧ ಗ್ರಾಂ ಬೆರೆಸಿ, ಬೀಜವನ್ನು ರಾತ್ರಿಯಿಡೀ ನೆನೆಸಿ, ಮರಳಿನ ಮಡಿಗೆ ಹಾಕಿದೆ. ಪುಡಿ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳಿ. ಸಗಣಿ ನೀರಿನಿಂದ ಏನೂ ಆಗಲಿಲ್ಲ. ಬಿಸಿನೀರಿಗೆ ಹಾಕಿದ್ದು ಕೊಳೆತೇ ಹೋಯಿತು.

ಗೊತ್ತಿರದ ವಿಷಯ ಅಂದ್ರೆ, ಹಣ್ಣಿನಿಂದ ಆಗಷ್ಟೇ ತೆಗೆದ ಬೀಜ ಸುಮಾರು 2 ತಿಂಗಳು ಸುಮ್ನೆ ಮಲಗಿರುತ್ತದಂತೆ. ಹಾಗಂತ ಜಾಸ್ತಿ ಕಾಯುವಂತೆಯೂ ಇಲ್ಲ, 9 ತಿಂಗಳಾದರೆ ಮೊಳೆಯುವ ಶಕ್ತಿಯೇ ಕುಗ್ಗುತ್ತದೆ.

ಇಲಿಗೆ ಈ ಬೀಜ ಅಂದ್ರೆ ಪ್ರಾಣ. ಮಡಿಗೆ ಜಾಲರಿ ಮುಚ್ಚಿ. ಸಸಿಯನ್ನು ಚೀಲಕ್ಕೆ ಹಾಕಿದಾಗ ಪಕ್ಕದಲ್ಲೇ ಒಂದು ತೊಗರಿ ಕಾಳು ಊರಿ, ಶ್ರೀಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅದರಿಂದ ನೀರು, ಪೋಷಕಾಂಶ ಹೀರುತ್ತದೆ, ಅದಕ್ಕೇ ಈ ಆಸರೆ ಬೇಕು.